ಸ್ಕ್ಯಾನ್ ಫಿಲ್ಮ್ ಇದೆ, ಕಫದ ವರದಿ ಎಲ್ಲಿ?

ಮಂಗಳೂರು, ಉಡುಪಿ, ಕಾರವಾರದ ಕಡೆಯಿಂದ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗುವ ನಮ್ಮ ಮಕ್ಕಳಲ್ಲಿ ಹಲವರಿಗೆ ಸುದ್ದಗುಂಟೆಪಾಳ್ಯ ಪರಿಚಿತ ಹೆಸರು. ಧರ್ಮಾರಾಮ್ ಕಾಲೇಜು, ಕ್ರೈಸ್ಟ್ ವಿಶ್ವವಿದ್ಯಾಲಯ ಇರುವ ಪ್ರದೇಶವದು. ಒಂದೇ ಕೋಣೆಯಲ್ಲಿ ನಾಲ್ಕೈದು ಮಂದಿ ಮಲಗುವ ಬಾಡಿಗೆ ಮನೆಗಳು ಸುತ್ತಲೂ ಇವೆ. ಅದೇ ಅಂಚೆ ವ್ಯಾಪ್ತಿಯ ಸೋಮೇಶ್ವರನಗರದಲ್ಲಿ ಎಸ್.ಡಿ.ಎಸ್. ಕ್ಷಯರೋಗ ಸಂಶೋಧನಾ ಕೇಂದ್ರ ಮತ್ತು ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಎಂಬ ಸರಕಾರಿ ಆಸ್ಪತ್ರೆ ಇದೆ ಎಂಬುದು ಮಾತ್ರ ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ನಿಮ್ಹಾನ್ಸ್ ಮತ್ತು ಕಿದ್ವಾಯಿ ಸಂಸ್ಥೆಗಳೂ ಅಲ್ಲೇ ಹತ್ತಿರದಲ್ಲಿವೆ.

ನಾವು ಕಂಡ ಒಂದು ಪ್ರಸಂಗವನ್ನು ಇಲ್ಲಿ ಹೇಳಬೇಕು. ನಮ್ಮ ಕರಾವಳಿಯ ಯುವಕನೊಬ್ಬ, ಬೆಂಗಳೂರಿನಲ್ಲಿ ಹೋಟೆಲ್ ಕೆಲಸ. ಎರಡು ತಿಂಗಳಿಂದ ಕೆಮ್ಮು, ಸಂಜೆಯಾದರೆ ಜ್ವರ, ತೂಕವೂ ಇಳಿದಿತ್ತು. ಖಾಸಗಿ ಕೇಂದ್ರವೊಂದರಲ್ಲಿ ಮೊದಲು ಎಕ್ಸ್‌ರೇ, ಅನಂತರ ಸಿ.ಟಿ. ಸ್ಕ್ಯಾನ್ ಆಯಿತು. ಕೈಯಲ್ಲಿದ್ದ ಹಣ ಸಾಲದೆ ಮನೆಯಿಂದ ತರಿಸಿಕೊಂಡ. ಊರಿಗೆ ಬಂದಾಗ ದೊಡ್ಡ ಲಕೋಟೆಯಿಂದ ಫಿಲ್ಮ್ ತೆಗೆದು ತೋರಿಸಿದ. ಕಫ ಪರೀಕ್ಷೆ ಆಯಿತೇ ಎಂದು ಕೇಳಿದರೆ, ಅದನ್ನು ಯಾರೂ ಹೇಳಲೇ ಇಲ್ಲ ಎಂದ! ಸ್ಕ್ಯಾನ್ ವರದಿಯ ಕೊನೆಯಲ್ಲಿ, ಕ್ಷಯ ಇರಬಹುದು, ಇತರ ಪರೀಕ್ಷೆಗಳೊಂದಿಗೆ ತಾಳೆ ನೋಡಬೇಕು ಎಂಬ ಅರ್ಥದ ಒಂದು ಸಾಲಿತ್ತು. ಆ ಸಾಲನ್ನು ಯಾರೂ ಓದಿ ಹೇಳಿರಲಿಲ್ಲ. ಕೊನೆಗೆ ಸರಕಾರಿ ಆಸ್ಪತ್ರೆಯಲ್ಲಿ ಒಂದು ಪೈಸೆ ಖರ್ಚಿಲ್ಲದೆ ಆದ ಕಫ ಪರೀಕ್ಷೆಯಿಂದಲೇ ರೋಗ ಖಚಿತವಾಯಿತು. ಆ ನಡುವಿನ ವಾರಗಳಲ್ಲಿ ಅವನು ಅದೇ ಕೋಣೆಯಲ್ಲಿ ಗೆಳೆಯರ ಜೊತೆ ಮಲಗುತ್ತಿದ್ದ.

ಹಾಗಾದರೆ ಸ್ಕ್ಯಾನ್ ಬೇಡವೇ? ಹಾಗೆಂದು ನಾವು ಹೇಳುತ್ತಿಲ್ಲ. ಎಕ್ಸ್‌ರೇ ಅಥವಾ ಸಿ.ಟಿ. ತೋರಿಸುವುದು ನೆರಳನ್ನು. ಶ್ವಾಸಕೋಶದ ಮೇಲ್ಭಾಗದಲ್ಲಿ ಮಚ್ಚೆ, ಕುಳಿ, ನೀರು ತುಂಬಿದ್ದು ಎಲ್ಲವೂ ಕಾಣುತ್ತದೆ. ಆದರೆ ನ್ಯುಮೋನಿಯಾ, ಕ್ಯಾನ್ಸರ್, ಶಿಲೀಂಧ್ರದ ಸೋಂಕು, ಹತ್ತು ವರ್ಷಗಳ ಹಿಂದೆ ಗುಣವಾದ ಕ್ಷಯದ ಕಲೆ, ಇವೂ ಅದೇ ರೀತಿಯ ನೆರಳು ಬೀಳಿಸಬಲ್ಲವು. ದುಬಾರಿಯಾದ ಪೆಟ್ ಸ್ಕ್ಯಾನಿನಲ್ಲಿ ಸಹ ಕ್ಷಯದ ಗಂಟು ಮತ್ತು ಕ್ಯಾನ್ಸರ್ ಗಂಟು ಎರಡೂ ಹೊಳೆಯುತ್ತವೆ. ರೋಗಾಣುವಿನ ಹೆಸರು ಹೇಳುವುದು ಕಫದ ಪರೀಕ್ಷೆ. ಯಾವ ಔಷಧಿಗೆ ಅದು ಬಗ್ಗುವುದಿಲ್ಲ ಎಂಬುದನ್ನು ಯಾವ ಫಿಲ್ಮೂ ಹೇಳಲಾರದು. ಸಿಬಿನ್ಯಾಟ್ ಯಂತ್ರ ಸುಮಾರು ಎರಡು ಗಂಟೆಗಳಲ್ಲಿ ರೋಗಾಣು ಇದೆಯೇ, ರಿಫಾಂಪಿಸಿನ್ ಎಂಬ ಮುಖ್ಯ ಔಷಧಿ ಅದರ ಮೇಲೆ ಕೆಲಸ ಮಾಡುತ್ತದೆಯೇ ಎಂಬೆರಡನ್ನೂ ತಿಳಿಸುತ್ತದೆ. ಬ್ಯಾಟರಿಯಿಂದಲೂ ನಡೆಯುವ ಟ್ರೂನ್ಯಾಟ್ ಎಂಬ ಇನ್ನೊಂದು ಯಂತ್ರದ ಹಿಂದೆ ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದ ಶ್ರಮವಿದೆ ಎಂಬುದು ಕನ್ನಡಿಗರಾದ ನಾವು ಹೆಮ್ಮೆ ಪಡಬೇಕಾದ ಸಂಗತಿ.

ಎಕ್ಸ್‌ರೇ ಮತ್ತು ಕಫದ ಈ ವಾದ ಹೊಸದಲ್ಲ, ಅದರ ದೊಡ್ಡ ಅಧ್ಯಾಯವೊಂದು ಬರೆಯಲ್ಪಟ್ಟಿದ್ದು ನಮ್ಮ ರಾಜ್ಯದಲ್ಲೇ. 1955ರಿಂದ 1958ರವರೆಗೆ ದೇಶದಲ್ಲಿ ನಡೆದ ಮಾದರಿ ಸಮೀಕ್ಷೆಯಲ್ಲಿ ಜನರ ಎದೆಯ ಸಣ್ಣ ಎಕ್ಸ್‌ರೇ ತೆಗೆಯಲಾಗಿತ್ತು. ಕ್ಷಯವೆಂದರೆ ಪೇಟೆಯ ರೋಗ ಎಂಬ ನಂಬಿಕೆ ಸುಳ್ಳಾಯಿತು, ಹಳ್ಳಿಗಳಲ್ಲೂ ಅದು ಅಷ್ಟೇ ಇತ್ತು. ಆದರೆ ಹಳ್ಳಿ ಹಳ್ಳಿಗೆ ಎಕ್ಸ್‌ರೇ ವಾಹನ ಕಳಿಸಲು ಬಡ ದೇಶದಲ್ಲಿ ಹಣವೆಲ್ಲಿ? ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು 1960ರಲ್ಲಿ ಪ್ರಧಾನಿ ನೆಹರೂ ಉದ್ಘಾಟಿಸಿದರು. ಆ ಸಂಸ್ಥೆಯ ದೇಬಬರ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳನ್ನು ಮಾತಾಡಿಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಓದತಕ್ಕದ್ದು. ಅರ್ಧಕ್ಕೂ ಹೆಚ್ಚು ಕ್ಷಯರೋಗಿಗಳು ತಾವಾಗಿಯೇ ಸರಕಾರಿ ಆರೋಗ್ಯ ಕೇಂದ್ರಕ್ಕೆ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಸಿರಪ್! ಬಂದವರ ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದರೆ ಸಾಕಾಗುತ್ತಿತ್ತು. ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮ ಕಫವನ್ನು ಹಿಡಿದುಕೊಂಡು, ಎಕ್ಸ್‌ರೇಯನ್ನು ಹಿಂದಿಟ್ಟಿದ್ದು ಇಂತಹ ಅನುಭವದಿಂದ. ಅಂದಿನ ಮಟ್ಟಿಗೆ ಅದು ಸರಿಯಾದ ನಿರ್ಧಾರವೆಂದೇ ನಮ್ಮ ಅಭಿಪ್ರಾಯ.

ಆದರೆ ಅದಕ್ಕೂ ಒಂದು ಬೆಲೆ ಇತ್ತು. ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ರೋಗಾಣುಗಳಾದರೂ ಇದ್ದರೆ ಮಾತ್ರ ಅವು ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ಕೆಮ್ಮು ಇಲ್ಲದವರಂತೂ ಪರೀಕ್ಷೆಗೇ ಬರುವುದಿಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಪತ್ತೆಯಾದ ರೋಗಿಗಳಲ್ಲಿ ಶೇ. 42.6 ಮಂದಿ ಎದೆಯ ಎಕ್ಸ್‌ರೇ ಇಲ್ಲದಿದ್ದರೆ ಸಿಗುತ್ತಲೇ ಇರಲಿಲ್ಲ. ರೋಗಲಕ್ಷಣ ಇದ್ದವರಲ್ಲಿಯೂ ಶೇ. 64 ಮಂದಿ ಚಿಕಿತ್ಸೆ ಹುಡುಕಿಕೊಂಡು ಹೋಗಿರಲಿಲ್ಲ. ಹೀಗೆ ಎಕ್ಸ್‌ರೇ ಮರಳಿ ಬಂತು. 15 ವರ್ಷ ದಾಟಿದವರ ಎಕ್ಸ್‌ರೇಯನ್ನು ಕಂಪ್ಯೂಟರ್ ತಂತ್ರಾಂಶದಿಂದ ಓದಿಸಬಹುದೆಂದು 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು. 2024ರ ಡಿಸೆಂಬರ್ 7ರಂದು ಆರಂಭವಾದ ನೂರು ದಿನಗಳ ಅಭಿಯಾನದಲ್ಲಿ ಕೈಯಲ್ಲಿ ಹಿಡಿಯುವಷ್ಟು ಸಣ್ಣ ಯಂತ್ರಗಳು ಜನರಿದ್ದಲ್ಲಿಗೇ ಹೋದವು. 2025ರ ಒಳಗೆ ಕ್ಷಯ ನಿರ್ಮೂಲನೆ ಎಂಬ ಗುರಿಯೇನೋ ಕೈಗೂಡಲಿಲ್ಲ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2015ರಲ್ಲಿ ಲಕ್ಷ ಜನರಿಗೆ 237 ಇದ್ದ ಹೊಸ ರೋಗಿಗಳ ಪ್ರಮಾಣ 2024ರಲ್ಲಿ 187ಕ್ಕೆ ಇಳಿದಿದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಮರಳಿ ಬಂದಿರುವ ಎಕ್ಸ್‌ರೇಗೆ ತೀರ್ಪು ಕೊಡುವ ಅಧಿಕಾರ ಕೊಟ್ಟಿಲ್ಲ. ಯಾರ ಕಫವನ್ನು ಪರೀಕ್ಷಿಸಬೇಕು ಎಂದು ಬೆರಳು ತೋರಿಸುವುದಷ್ಟೇ ಅದರ ಕೆಲಸ. ಇದಕ್ಕೆ ಸಾಮಾನ್ಯ ಎಕ್ಸ್‌ರೇ ಸಾಕು. ಎದೆಯ ಸಿ.ಟಿ. ಸ್ಕ್ಯಾನಿನಲ್ಲಿ ದೇಹಕ್ಕೆ ತಗಲುವ ವಿಕಿರಣ ಒಂದು ಎಕ್ಸ್‌ರೇಗಿಂತ ಐವತ್ತು ಪಟ್ಟಿಗೂ ಹೆಚ್ಚು, ಖರ್ಚಿನ ಮಾತು ಬೇರೆ.

ಸ್ಕ್ಯಾನ್ ಇಲ್ಲದೆ ಮುಂದುವರಿಯಲಾಗದ ರೋಗಿಗಳೂ ಇದ್ದಾರೆ, ಅವರನ್ನು ಮರೆಯಬಾರದು. ಕ್ಷಯ ಬೆನ್ನುಮೂಳೆಯನ್ನು ತಿನ್ನುತ್ತದೆ. ವಾರಗಟ್ಟಲೆ ಬೆನ್ನುನೋವೆಂದು ಎಣ್ಣೆ ತಿಕ್ಕಿಸಿಕೊಂಡು ಕೊನೆಗೆ ಕಾಲಿನ ಬಲ ಕಳೆದುಕೊಂಡವರಿದ್ದಾರೆ. ಎಂ.ಆರ್.ಐ. ಅದನ್ನು ಬೇಗ ಹಿಡಿಯುತ್ತದೆ. ಮೆದುಳಿನ ಪೊರೆಗೆ ಕ್ಷಯ ತಗಲಿದರೆ ದಿನಗಳ ವಿಳಂಬವೂ ಪ್ರಾಣಕ್ಕೆ ಅಪಾಯ. ನಿಮ್ಹಾನ್ಸ್‌ನಂತಹ ಕಡೆ ಮೆದುಳಿನ ಸ್ಕ್ಯಾನ್ ನೋಡಿ, ನೀರು ತುಂಬಿದೆಯೇ, ರಕ್ತನಾಳ ಕಟ್ಟಿದೆಯೇ ಎಂದು ಅರಿತು ಶಸ್ತ್ರಚಿಕಿತ್ಸೆಯ ನಿರ್ಧಾರ ಮಾಡುತ್ತಾರೆ. ಅಲ್ಲಿಯೂ ಲಾಡಿಹುಳುವಿನ ಗಂಟು ಮತ್ತು ಕ್ಷಯದ ಗಂಟು ಒಂದನ್ನೊಂದು ಹೋಲುತ್ತವೆ, ಆದ್ದರಿಂದ ಬೆನ್ನುಹುರಿಯ ನೀರಿನ ಪರೀಕ್ಷೆ ಬೇಕಾಗಬಹುದು. ಇನ್ನೊಂದು ವಿಷಯ ಮನೆಯವರನ್ನು ಕಂಗೆಡಿಸುತ್ತದೆ. ಸರಿಯಾದ ಔಷಧಿ ನಡೆಯುತ್ತಿರುವಾಗಲೇ ಕೆಲವರ ಗಂಟು ಕೆಲಕಾಲ ದೊಡ್ಡದಾಗಿ ಕಾಣುವುದುಂಟು. ಅದನ್ನು ನೋಡಿ ಮಾತ್ರೆ ನಿಲ್ಲಿಸಿದರೆ ಅನಾಹುತ.

ಶ್ವಾಸಕೋಶದ ಕ್ಷಯದಲ್ಲೂ ಹಾಗೆಯೇ. ಆರು ತಿಂಗಳು ಮಾತ್ರೆ ನುಂಗಿ ಗುಣವಾದವರ ಎಕ್ಸ್‌ರೇಯಲ್ಲಿ ಕಲೆ ಜೀವನಪೂರ್ತಿ ಉಳಿಯಬಹುದು. ಆ ಕಲೆ ಕಂಡು ಮದುವೆ ಮಾತುಕತೆ ಮುರಿದದ್ದು, ವಿದೇಶದ ಕೆಲಸ ತಪ್ಪಿದ್ದು ಗಲ್ಫಿಗೆ ಜನ ಕಳಿಸುವ ನಮ್ಮ ಊರುಗಳಿಗೆ ಹೊಸ ವಿಷಯವೇನಲ್ಲ.

ನಮ್ಮ ಧರ್ಮಕೇಂದ್ರಗಳಲ್ಲಿ ವರ್ಷಕ್ಕೊಂದೆರಡು ಆರೋಗ್ಯ ಶಿಬಿರಗಳು ನಡೆಯುತ್ತವೆ. ಫೋಟೋ, ವರದಿ ನಮಗೂ ಬರುತ್ತವೆ, ಸಂತೋಷವೇ. ಆದರೆ ಎಷ್ಟು ಮಂದಿಯ ಎಕ್ಸ್‌ರೇ ತೆಗೆಯಲಾಯಿತು ಎಂಬುದು ಇರುತ್ತದೆ, ನೆರಳು ಕಂಡವರಲ್ಲಿ ಎಷ್ಟು ಮಂದಿ ಕಫ ಕೊಟ್ಟರು ಎಂಬುದು ಇರುವುದಿಲ್ಲ. ಮುಂದಿನ ಶಿಬಿರದಲ್ಲಿ ಎಕ್ಸ್‌ರೇ ವಾಹನದ ಪಕ್ಕದಲ್ಲೇ ಕಫದ ಡಬ್ಬಿಗಳ ಮೇಜೊಂದನ್ನು ಹಾಕುವಂತೆ, ವಾರದೊಳಗೆ ಆ ಮನೆಗಳಿಗೆ ಒಬ್ಬರು ಹೋಗಿ ಬರುವಂತೆ ಆರೋಗ್ಯ ಆಯೋಗದವರು, ವಿನ್ಸೆಂಟ್ ದಿ ಪಾವ್ಲ್ ಸಭೆಯವರು ಏರ್ಪಾಡು ಮಾಡಬಾರದೇ? ರೋಗ ಖಚಿತವಾದರೆ ಔಷಧಿ ಉಚಿತ. ಪೋಷಣೆಗಾಗಿ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡಲಾಗುತ್ತಿತ್ತು, 2024ರ ನವೆಂಬರಿನಿಂದ ಅದು 1,000 ಆಗಿದೆ. ಖಾಸಗಿ ವೈದ್ಯರ ರೋಗಿಗೂ ಇದು ಸಲ್ಲುತ್ತದೆ, ನಿಕ್ಷಯ್‌ನಲ್ಲಿ ಹೆಸರು ನೋಂದಾಯಿಸಿರಬೇಕು ಅಷ್ಟೇ. ಮಕ್ಕಳನ್ನು ಬೆಂಗಳೂರಿಗೆ ಕಳಿಸಿರುವ ತಂದೆತಾಯಂದಿರು 1800 11 6666 ಎಂಬ ನಿಕ್ಷಯ್ ಉಚಿತ ಸಹಾಯವಾಣಿಯನ್ನು ಅವರಿಗೆ ಬರೆದು ಕೊಡಲಿ. ಹಿಂದೊಮ್ಮೆ ಕ್ಷಯ ಬಂದು ಗುಣವಾದವರು ಹಳೆಯ ಎಕ್ಸ್‌ರೇಗಳನ್ನು ಎಸೆಯದೆ ಕಪಾಟಿನಲ್ಲಿ ಇಟ್ಟುಕೊಳ್ಳಿ. ಹೊಸ ಫಿಲ್ಮಿನ ಕಲೆ ಹಳೆಯದೋ ಹೊಸದೋ ಎಂದು ವೈದ್ಯರಿಗೆ ಗೊತ್ತಾಗುವುದು ಅದರಿಂದಲೇ.