ಮೊದಲ ಗಾಳಿಮಳೆಗೆ ಮುಂಚೆ ನಿಮ್ಮ ಮರವನ್ನೊಮ್ಮೆ ನೋಡಿ

ಬೆಂಗಳೂರಿನಲ್ಲಿ ಮನೆಯ ಕಾಂಪೌಂಡಿನೊಳಗೆ ಮರ ಉಳಿಸಿಕೊಂಡಿರುವ ಎಲ್ಲರಲ್ಲೂ ನನ್ನದೊಂದು ವಿನಂತಿ. ಈ ಚಳಿಗಾಲ ಮುಗಿಯುವುದರೊಳಗೆ ಒಂದು ಭಾನುವಾರ ಬೆಳಿಗ್ಗೆ ಗೇಟು ದಾಟಿ, ರಸ್ತೆಯ ಆಚೆ ಬದಿಗೆ ನಿಂತು ನಿಮ್ಮ ಮರವನ್ನು ನೋಡಿ. ಅಂಗಳದಲ್ಲಿ ಕೂತವರಿಗೆ ನೆರಳಷ್ಟೇ ಕಾಣುತ್ತದೆ. ಒಣಗಿ ನಿಂತ ಕೊಂಬೆ, ಕರೆಂಟು ತಂತಿಗೆ ತಾಗಿದ ಟೊಂಗೆ, ಪಕ್ಕದ ಮನೆಯ ಶೀಟಿನ ಮೇಲೆ ವಾಲಿದ ಭಾರ ಕಾಣುವುದು ಬೀದಿಯಿಂದ.

ಏಪ್ರಿಲ್, ಮೇ ತಿಂಗಳ ಸಂಜೆಯ ಗಾಳಿಮಳೆಗೆ ಅಂಥ ಕೊಂಬೆ ಮುರಿಯಲು ಹತ್ತು ನಿಮಿಷ ಸಾಕು. ಗುಲ್‌ಮೊಹರ್‌ನ ಬೇರು ಮೇಲ್ಮಣ್ಣಿನಲ್ಲೇ ಹರಡುತ್ತದೆ, ಕೊಂಬೆಯೂ ಪೆಡಸು. ನುಗ್ಗೆಯ ಕೊಂಬೆಯೂ ಹಾಗೆಯೇ; ಆ ಮರ ಹತ್ತಬೇಡ ಎಂದು ಅಜ್ಜಿಯರು ಗದರಿಸುತ್ತಿದ್ದುದು ಸುಮ್ಮನೆ ಅಲ್ಲ.

ಹಾಗೆಂದು ಮರದ ತಲೆ ಬೋಳಿಸಬೇಡಿ, ಕೈಮುಗಿದು ಕೇಳುತ್ತೇನೆ. ನಮ್ಮ ಬೀದಿಯ ಮಾವಿನ ಮರವೊಂದನ್ನು ಹಾಗೆ ಮೊಂಡು ಮಾಡಿದ್ದರು. ಕಡಿದ ಜಾಗದ ಸುತ್ತ ಪೊದೆಯಂತೆ ಚಿಗುರು ಬಂತು. ಅಂಥ ಚಿಗುರು ತೊಗಟೆಯಂಚಿನಲ್ಲಷ್ಟೇ ಹಿಡಿತ ಪಡೆದಿರುತ್ತದೆ. ಬೆಳೆದು ಭಾರವಾದಾಗ ಬುಡಸಮೇತ ಕಿತ್ತು ಬೀಳುತ್ತದೆ. ಅಪಾಯ ತಗ್ಗಿಸಲು ಹೋಗಿ ಹೆಚ್ಚಿಸಿದಂತಾಯಿತು. ಒಣಗಿದ್ದು, ಒಂದಕ್ಕೊಂದು ಉಜ್ಜುತ್ತಿರುವುದು, ತೀರಾ ಹೊರಚಾಚಿದ್ದು, ಇವನ್ನು ಆರಿಸಿ ತೆಗೆಸಿ. ಒಂದೇ ಸಲಕ್ಕೆ ಹಸಿರಿನ ಕಾಲುಭಾಗಕ್ಕಿಂತ ಹೆಚ್ಚು ಬೇಡ.

ಕೊಡಲಿಯವರು ಬಂದಾಗ ಪಕ್ಕದಲ್ಲೇ ನಿಂತಿರಿ. ದಪ್ಪ ಕೊಂಬೆಯನ್ನು ಮೇಲಿನಿಂದ ಒಮ್ಮೆಗೇ ಕಡಿದರೆ ಅದು ಜಗ್ಗಿ, ಕಾಂಡದ ತೊಗಟೆಯನ್ನು ಉದ್ದಕ್ಕೆ ಸೀಳಿಕೊಂಡು ಬೀಳುತ್ತದೆ. ಕಾಂಡದಿಂದ ಒಂದು ಮೊಳ ದೂರದಲ್ಲಿ, ಕೆಳಗಿನಿಂದ ಮೊದಲು ಗರಗಸದ ಗಾಯ ಹಾಕಿಸಿ. ಅದಕ್ಕಿಂತ ತುಸು ಆಚೆ ಮೇಲಿನಿಂದ ಕೊಯ್ಸಿ ಭಾರ ಇಳಿಸಿ. ಉಳಿದ ಮೋಟನ್ನು ಕೊನೆಗೆ ತೆಗೆಯುವಾಗ, ಕೊಂಬೆ ಕಾಂಡಕ್ಕೆ ಸೇರುವಲ್ಲಿ ಉಬ್ಬಿದ ಬಳೆಯಂಥ ಭಾಗವಿದೆಯಲ್ಲ, ಅದನ್ನು ಮುಟ್ಟಗೊಡಬೇಡಿ. ಗಾಯ ಮುಚ್ಚುವ ತೊಗಟೆ ಹುಟ್ಟುವುದು ಅಲ್ಲಿಂದ. ಡಾಂಬರು, ಬಣ್ಣ ಬಳಿಯುವುದೂ ಬೇಕಿಲ್ಲ.

ಮರ ನಮ್ಮದೇ ಜಾಗದಲ್ಲಿದ್ದರೂ ಅದನ್ನು ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಸಾಮಾನ್ಯವಾಗಿ ಅನುಮತಿ ಬೇಕು. ದೊಡ್ಡ ಕೊಂಬೆ ತೆಗೆಸುವ ಮುನ್ನವೂ ಪಾಲಿಕೆಯ ಅರಣ್ಯ ವಿಭಾಗಕ್ಕೆ ಅರ್ಜಿ ಕೊಡಿ. ಮಳೆ ಶುರುವಾದ ಮೇಲೆ ಅವರಿಗೆ ಬಿದ್ದ ಮರಗಳದ್ದೇ ಕೆಲಸ. ಈಗಲೇ ಕೊಟ್ಟರೆ ಒಳ್ಳೆಯದು.

ತಂತಿಗೆ ತಾಗಿದ ಟೊಂಗೆಗೆ ಮಾತ್ರ ನೀವಾಗಲಿ, ಕೂಲಿಯವರಾಗಲಿ ಕೈ ಹಾಕಲೇಬಾರದು. ಹಸಿ ಕೊಂಬೆಯಲ್ಲೂ ಕರೆಂಟು ಹರಿಯುತ್ತದೆ. ಕಬ್ಬಿಣದ ದೋಟಿ, ಅಲ್ಯುಮಿನಿಯಂ ಏಣಿ ತಂತಿಗೆ ತಗುಲಿದರೆ ಜೀವವೇ ಹೋಗುತ್ತದೆ. ಬೆಸ್ಕಾಂನ 1912ಕ್ಕೆ ಫೋನು ಮಾಡಿ, ಲೈನ್‌ಮನ್ ಬಂದು ವಿದ್ಯುತ್ ನಿಲ್ಲಿಸುವವರೆಗೆ ಕಾಯಿರಿ.

ದಿನ ಗೊತ್ತುಮಾಡುವ ಮುನ್ನ ಕೊಂಬೆಗಳ ನಡುವೆ ಹದ್ದಿನ ಗೂಡಿದೆಯೇ ನೋಡಿ. ಮರಿಗಳಿದ್ದರೆ ಅವು ಹಾರುವವರೆಗೆ ಆ ಕೊಂಬೆ ಬಿಡಿ. ಮತ್ತೆ, ಆ ಭಾನುವಾರ ಪಕ್ಕದ ಮನೆಯವರನ್ನೂ ಜೊತೆಗೆ ಕರೆಯಿರಿ. ನಿಮ್ಮ ಮರದ ಇನ್ನೊಂದು ಮಗ್ಗುಲನ್ನು ದಿನವೂ ನೋಡುತ್ತಿರುವವರು ಅವರೇ.