ಮ್ಯಾಗಿಯ ಮೌನ
1989ರ ಡಿಸೆಂಬರಿನಲ್ಲಿ ಅಮೆರಿಕೆಯಲ್ಲಿ ಮೊದಲಾದ ‘ದಿ ಸಿಂಪ್ಸನ್ಸ್’ ಎಂಬ ಕಾರ್ಟೂನು ಚಿತ್ರಮಾಲೆಯನ್ನು ನಮ್ಮ ಸೋದರಿಯರಲ್ಲಿ ಕೆಲವರಾದರೂ ನೋಡಿರಬಹುದು. ಹೋಮರ್, ಮಾರ್ಜ್ ದಂಪತಿಗಳೂ ಬಾರ್ಟ್, ಲೀಸಾ ಎಂಬ ಮಕ್ಕಳೂ ಮಾತಿನ ಮಳೆಯನ್ನೇ ಕರೆಯುತ್ತಿರಲು, ಕಿರಿಯಳಾದ ಮ್ಯಾಗಿ ಮಾತ್ರ ರಬ್ಬರಿನ ತೊಟ್ಟನ್ನು ಚೀಪುತ್ತ ಸುಮ್ಮನಿರುವಳು. ಆ ಮನೆಯಲ್ಲಿ ಯಾರಿಗೂ ವಯಸ್ಸಾಗುವುದಿಲ್ಲ, ಅದಿರಲಿ.

1992ರ ಒಂದು ಕಥೆಯಲ್ಲಿ, ತಂದೆಯು ದೀಪವನ್ನಾರಿಸಿ ಬಾಗಿಲೆಳೆದುಕೊಂಡು ಹೋದ ಮೇಲೆ, ಆಕೆ ತೊಟ್ಟನ್ನು ತೆಗೆದು ‘ಅಪ್ಪಾ’ ಎಂದಳು. ಕಂಠವನ್ನಿತ್ತವರು ಹೆಸರಾಂತ ನಟಿ ಎಲಿಜಬೆತ್ ಟೇಲರ್. ಆ ನುಡಿ ಮನೆಯವರಾರ ಕಿವಿಗೂ ಬೀಳಲಿಲ್ಲ. ತಾಯಂದಿರ ಎದೆ ಚುರುಕ್ಕೆನ್ನುವ ಗಳಿಗೆಯದು!

2012ರಲ್ಲಿ ಮ್ಯಾಗಿಯನ್ನೇ ನಾಯಿಕೆಯನ್ನಾಗಿಸಿ ಒಂದು ಕಿರುಚಿತ್ರ ಬಂದಿತು. ಶಿಶುವಿಹಾರದಲ್ಲಿ ಚಿಟ್ಟೆಗಳನ್ನು ಕಂಡಲ್ಲಿ ಜಜ್ಜುವ ಇನ್ನೊಂದು ಕೂಸಿನ ಕೈಯಿಂದ ಒಂದು ಚಿಟ್ಟೆಯನ್ನು ಆಕೆ ಪಾರುಮಾಡುವುದೇ ಕಥೆ. ಸುಮಾರು ಐದು ನಿಮಿಷ. ಒಂದು ಮಾತೂ ಇಲ್ಲ. ಆದರೂ ಆಸ್ಕರ್ ಬಹುಮಾನದ ಅಂತಿಮ ಸ್ಪರ್ಧೆಯನ್ನು ಮುಟ್ಟಿತು. ಇಷ್ಟು ಬಲ್ಲ ಪಾತ್ರವನ್ನು ಬಹುಮಟ್ಟಿಗೆ ತಾಯಿಯ ಕಂಕುಳಲ್ಲಿಯೇ ಕೂರಿಸಿರುವುದು ನನಗಂತೂ ಸರಿಗಾಣದು. ಆಕೆಗೆ ಮಾತು ಬರಬೇಕೆಂದು ನಾನು ಬೇಡುತ್ತಿಲ್ಲ. ಆ ಗದ್ದಲದ ಸಂಸಾರವು ಕೂಸಿನ ಕಣ್ಣಿಗೆ ಹೇಗೆ ಕಾಣುವುದೆಂಬುದನ್ನು ವರ್ಷಕ್ಕೊಮ್ಮೆಯಾದರೂ ತೋರಿಸಬಾರದೇ?