ಮಕ್ಕಳೂ ರೋಮನ್ ಅಂಕಿಗಳೂ

ಕಳೆದ ವಾರ ಹೋಟೆಲ್ ಕಾರ್ಮಿಕ ಬಂಧುವೊಬ್ಬರು ನಮ್ಮ ಕಾರ್ಯಾಲಯಕ್ಕೆ ಬಂದು, ಮಗನ ವಿದ್ಯಾರ್ಥಿವೇತನದ ಅರ್ಜಿಯನ್ನು ಮುಂದಿಟ್ಟರು. ನಾಲ್ಕನೆಯ ತರಗತಿಯ ಬಾಲಕನು ತನ್ನನ್ನು ತಾನೇ ಆರಕ್ಕೆ ಏರಿಸಿಕೊಂಡಿದ್ದನು! 'ವಿ'ಯ ಎಡಕ್ಕಿರಬೇಕಾದ 'ಐ' ಬಲಕ್ಕೆ ಬಿದ್ದಿತ್ತು. ಅಂಕಪಟ್ಟಿಗೆ ತಾಳೆಯಾಗದೆ ಅರ್ಜಿ ಹಿಂದಿರುಗಿತ್ತು. ಹುಡುಗನಿಗೆ ದಡ್ಡನೆಂಬ ಬಿರುದೂ ಎರಡೇಟೂ ದೊರೆತಿದ್ದವು.

ಇದು ದಡ್ಡತನವಲ್ಲ, ಕಲಿಸಿದ ಕ್ರಮದ ದೋಷವೆಂದೇ ನಾವು ಹೇಳುತ್ತೇವೆ. ಒಂದರಿಂದ ನೂರರವರೆಗೆ ಬಾಯಿಪಾಠ ಮಾಡಿಸಿ ಹತ್ತು ಸಲ ಬರೆಯಿಸಿದರೆ ಮಗುವಿಗೆ ಉಳಿಯುವುದು ಗೆರೆಗಳ ಗೋಜಲು ಮಾತ್ರ. ಬರೆಯುವುದಕ್ಕೆ ಮೊದಲು ಕೈಯಿಂದ ಜೋಡಿಸಲಿ. ಐ, ವಿ, ಎಕ್ಸ್ ಮೂರೂ ನೇರ ಗೆರೆಗಳಿಂದಾದವು. ಗಲ್ಲಾದ ಬಳಿಯ ಹಲ್ಲುಕಡ್ಡಿಗಳೇ ಸಾಕು. ಒಂದು ಕಡ್ಡಿ ಒಂದು. ಬುಡದಲ್ಲಿ ಕೂಡಿದ ಎರಡು, ಐದು. ಅಡ್ಡಹಾಯ್ದ ಎರಡು, ಹತ್ತು. ಚಿಕ್ಕದು ಬಲಕ್ಕೆ ಬಂದರೆ ಕೂಡಿಸಬೇಕು, ಎಡಕ್ಕೆ ಬಂದರೆ ಕಳೆಯಬೇಕು. ಐದರ ಬಲಕ್ಕೊಂದು ಕಡ್ಡಿಯಿಟ್ಟರೆ ಆರು. ಅದನ್ನೇ ಎಡಕ್ಕೆ ಸರಿಸಿದರೆ ನಾಲ್ಕು. ತಾನೇ ಸರಿಸಿ ನೋಡಿದ ಮಗು ಇದನ್ನು ಸುಲಭವಾಗಿ ಮರೆಯದು. ಹನ್ನೆರಡರವರೆಗೆ ಇಷ್ಟು ಸಾಕು. ಐವತ್ತರ ಎಲ್, ನೂರರ ಸಿ, ಐನೂರರ ಡಿ, ಸಾವಿರದ ಎಮ್ ಮುಂದೆ ಬರಲಿ.

ಒಂದೇ ಗುರುತು ಸಾಲಾಗಿ ಮೂರಕ್ಕಿಂತ ಹೆಚ್ಚು ಬಾರದೆಂಬ ನಿಯಮವೂ ಉಂಟು. ಆದರೆ ಎಷ್ಟೋ ಗಡಿಯಾರಗಳಲ್ಲಿ ನಾಲ್ಕಕ್ಕೆ ನಾಲ್ಕು ಗೆರೆಗಳೇ ಇರುತ್ತವೆ. ಲಂಡನ್ನಿನ ಬಿಗ್ ಬೆನ್‌ನಲ್ಲಿ ಹಾಗಿಲ್ಲ. ಮಗು ಕೇಳಿದರೆ ಗದರಿಸಬೇಡಿರಿ. ಅದು ಗಡಿಯಾರದವರ ಹಳೆಯ ರೂಢಿ.

"ಈ ಕಾಲದಲ್ಲಿ ಇದೇಕೆ?" ಎನ್ನುವ ಗುಮಾಸ್ತ ಮಿತ್ರರು ತಮ್ಮ ಮೇಜಿನ ಮೇಲಿನ ನಿಯಮಾವಳಿಯ ಉಪನಿಯಮಗಳನ್ನೇ ನೋಡಲಿ. ಇನ್ನೊಂದು ಲಾಭವೂ ಇದೆ. ಇಪ್ಪತ್ತೆಂಟು ಪ್ಲೇಟು ಇಡ್ಲಿಗೆ ತಲಾ ನಲವತ್ತು ರೂಪಾಯಿಯಂತೆ ರೋಮನ್ ಅಂಕಿಗಳಲ್ಲೇ ಬಿಲ್ಲು ಮಾಡೆಂದು ದೊಡ್ಡ ಮಗುವಿಗೆ ಹೇಳಿರಿ. ಬೆವರಿಳಿದೀತು! ಅಲ್ಲಿ ಸೊನ್ನೆಯಿಲ್ಲ, ಸ್ಥಾನಬೆಲೆಯಿಲ್ಲ. ಭಾರತದ ಒಂಬತ್ತು ಅಂಕಿಗಳನ್ನೂ ಸೊನ್ನೆಯನ್ನೂ ಇಟಲಿಯ ಫಿಬೊನಾಚಿಯು 1202ರ ತನ್ನ ಗ್ರಂಥದಲ್ಲಿ ಯುರೋಪಿನವರಿಗೆ ವಿವರಿಸಿದನು. ಆದರೂ 1299ರಲ್ಲಿ ಫ್ಲಾರೆನ್ಸಿನ ಹಣವಿನಿಮಯದವರ ಸಂಘವು ತನ್ನ ಸದಸ್ಯರ ಲೆಕ್ಕಪುಸ್ತಕಗಳಲ್ಲಿ ಅವುಗಳನ್ನು ನಿಷೇಧಿಸಿತು. ನಮ್ಮ ಹಿರಿಯರ ಸೊನ್ನೆಯ ಬೆಲೆ ಮಗುವಿಗೆ ತಿಳಿಯಬೇಕಾದರೆ ಸೊನ್ನೆಯಿಲ್ಲದ ಲೆಕ್ಕವನ್ನೊಮ್ಮೆ ಅದು ಮಾಡಿ ನೋಡಬೇಕು.

ಬಂಧುವಿಗೆ ಒಂದು ಡಬ್ಬಿ ಹಲ್ಲುಕಡ್ಡಿ ಕೊಟ್ಟು ಕಳುಹಿಸಿದೆವು. ಅರ್ಜಿಗೆ ಇನ್ನೂ ಎಂಟು ದಿನಗಳ ಅವಧಿಯಿತ್ತು; ತಿದ್ದಿ ಬರೆಯುವ ಕೆಲಸವನ್ನು ಹುಡುಗನಿಗೇ ಬಿಡಿರಿ ಎಂದೆವು.